ಮಿದುಳಿನ ಸ್ವಂತ ಬಾವಿ: ಬಾಣಂತಿಯ ಖಿನ್ನತೆಗೂ ಕೂದಲಿನ ಗುಳಿಗೆಗೂ ಎಲ್ಲಿಯ ನಂಟು?

2025ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಯುರೋಪಿನಿಂದ ಎರಡು ಸುದ್ದಿಗಳು ಬಂದವು. ಮೇ ತಿಂಗಳಲ್ಲಿ ಅಲ್ಲಿನ ಔಷಧ ಸಂಸ್ಥೆ ಫಿನಾಸ್ಟರೈಡ್ ಗುಳಿಗೆಯ ಬಗ್ಗೆ ಎಚ್ಚರಿಸಿತು. ಕೂದಲು ಉದುರುವುದನ್ನು ತಡೆಯಲು ಗಂಡಸರು ನುಂಗುವ ಈ ಗುಳಿಗೆಯ ಅಡ್ಡಪರಿಣಾಮಗಳಲ್ಲಿ ಆತ್ಮಹತ್ಯೆಯ ಯೋಚನೆಯೂ ಒಂದು ಎಂದು ಖಚಿತಪಡಿಸಿತು. ಸೆಪ್ಟೆಂಬರ್‌ನಲ್ಲಿ ಐರೋಪ್ಯ ಒಕ್ಕೂಟ ಹೆರಿಗೆಯ ನಂತರದ ಖಿನ್ನತೆಗೆಂದು ಜುರಾನೊಲೋನ್ ಎಂಬ ಗುಳಿಗೆಗೆ ಅನುಮತಿ ಕೊಟ್ಟಿತು. ದಿನಕ್ಕೊಂದರಂತೆ ಹದಿನಾಲ್ಕು ದಿನ ನುಂಗಬೇಕು, ಅಷ್ಟೇ. ಅಮೆರಿಕ ಇದೇ ಗುಳಿಗೆಗೆ 2023ರ ಆಗಸ್ಟ್‌ನಲ್ಲೇ ಒಪ್ಪಿಗೆ ನೀಡಿತ್ತು.

ಎರಡೂ ಸುದ್ದಿಗಳ ಬೆನ್ನಿಗೆ ಒಂದೇ ಮಾತು ಬರುತ್ತದೆ: ಮಿದುಳೇ ತಯಾರಿಸುವ ಸ್ಟೆರಾಯ್ಡ್. ಗೊಂದಲ ಶುರುವಾಗುವುದು ಇಲ್ಲಿಂದಲೇ. ಕಲಬುರಗಿ, ಬೀದರ್, ಯಾದಗಿರಿಯ ಓದುಗರಿಗೆ ಸ್ಟೆರಾಯ್ಡ್ ಎಂದ ತಕ್ಷಣ ನೆನಪಾಗುವುದು ಉಬ್ಬಸಕ್ಕೂ ಕೀಲುನೋವಿಗೂ ಕೊಡುವ ಗುಳಿಗೆ, ಜಿಮ್ಮಿನ ಹುಡುಗರು ಕದ್ದು ಚುಚ್ಚಿಸಿಕೊಳ್ಳುವ ಇಂಜೆಕ್ಷನ್, ಇಲ್ಲವೇ 2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ ಕಪ್ಪು ಶಿಲೀಂಧ್ರ. ಅಂಥ ಹೆಸರು ಹೊತ್ತ ವಸ್ತುವನ್ನು ಬಾಣಂತಿಗೆ ಕೊಡುವುದೇ? ಅದೂ ಮಿದುಳಿಗೆ? ಪ್ರಶ್ನೆ ಸಹಜವಾದದ್ದು. ಉತ್ತರ ಬೇಕೆಂದರೆ ಕಪ್ಪೆ, ಲಾವಕ್ಕಿ, ಗುಬ್ಬಚ್ಚಿಗಳ ಮಿದುಳಿನವರೆಗೆ ಹೋಗಿ ಬರಬೇಕಾಗುತ್ತದೆ.

ಹೆಸರು ಒಂದು, ಕೆಲಸ ಹಲವು

ಸ್ಟೆರಾಯ್ಡ್ ಎಂಬುದು ಒಂದು ಔಷಧದ ಹೆಸರಲ್ಲ, ಒಂದು ಕುಟುಂಬದ ಹೆಸರು. ನಾಲ್ಕು ಉಂಗುರಗಳು ಅಂಟಿಕೊಂಡಂತಿರುವ ಅಣುರಚನೆ ಯಾವುದಕ್ಕಿದೆಯೋ ಅದೆಲ್ಲ ಸ್ಟೆರಾಯ್ಡ್. ಈ ಕುಟುಂಬದ ಮೂಲ ಕೊಲೆಸ್ಟರಾಲ್. ಒತ್ತಡದಲ್ಲಿ ಏರುವ ಕಾರ್ಟಿಸಾಲ್, ವೃಷಣದ ಟೆಸ್ಟೋಸ್ಟೆರಾನ್, ಅಂಡಾಶಯದ ಈಸ್ಟ್ರೋಜನ್, ಬಸುರಿನ ಪ್ರೊಜೆಸ್ಟೆರಾನ್ ಎಲ್ಲವೂ ಅದರಿಂದಲೇ ಹುಟ್ಟಿದವು. ಉಬ್ಬಸದ ಗುಳಿಗೆ ಕಾರ್ಟಿಸಾಲ್‌ನ ತಮ್ಮ, ಜಿಮ್ಮಿನ ಇಂಜೆಕ್ಷನ್ ಟೆಸ್ಟೋಸ್ಟೆರಾನ್‌ನ ತಮ್ಮ. ಜುರಾನೊಲೋನ್ ಇವೆರಡರ ಸಾಲಿಗೂ ಸೇರುವುದಿಲ್ಲ. ಪ್ರೊಜೆಸ್ಟೆರಾನ್‌ನಿಂದ ಹುಟ್ಟುವ ಅಲೋಪ್ರೆಗ್ನೆನೊಲೋನ್ ಎಂಬ ಸ್ಟೆರಾಯ್ಡನ್ನು ಹೋಲುವಂತೆ ಅದನ್ನು ರೂಪಿಸಲಾಗಿದೆ. ಮಿದುಳಿನ ಉದ್ವೇಗವನ್ನು ತಣಿಸುವುದು ಆ ಅಲೋಪ್ರೆಗ್ನೆನೊಲೋನ್‌ನ ಕೆಲಸ.

ಈ ತಣಿಸುವ ಗುಣದ ಸುಳಿವು ಹಳೆಯದು. ಪ್ರೊಜೆಸ್ಟೆರಾನ್ ಕೊಟ್ಟ ಇಲಿಗಳು ಅರಿವಳಿಕೆ ಕೊಟ್ಟಂತೆ ನಿದ್ದೆಹೋಗುವುದನ್ನು ಹ್ಯಾನ್ಸ್ ಸೆಲ್ಯೆ 1941ರಲ್ಲೇ ವರದಿ ಮಾಡಿದ್ದರು. ಕಾರಣ ತಿಳಿದದ್ದು 1986ರಲ್ಲಿ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಕೋಶಗಳ ಅಬ್ಬರವನ್ನು ತಗ್ಗಿಸುವ ಮುಖ್ಯ ಬ್ರೇಕ್ ಅದೇ. ನರಕೋಶದ ಮೇಲೆ ಗಾಬಾ ಬಂದು ಕೂರುವ ಜಾಗಕ್ಕೆ ಗ್ರಾಹಿ ಎನ್ನುತ್ತಾರೆ. ಅಲೋಪ್ರೆಗ್ನೆನೊಲೋನ್ ಆ ಗ್ರಾಹಿಯ ಮೇಲೆ ಕೂತು ಆ ಬ್ರೇಕನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಕಾಲುವೆ ನಿಂತರೂ ಬತ್ತದ ಬಾವಿ

ಹಾರ್ಮೋನು ಎಂದರೆ ಗ್ರಂಥಿಯಲ್ಲಿ ಹುಟ್ಟಿ, ರಕ್ತದಲ್ಲಿ ಹರಿದು, ದೂರದ ಅಂಗಕ್ಕೆ ತಲುಪುವ ವಸ್ತು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ನಾರಾಯಣಪುರದ ಜಲಾಶಯದಿಂದ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟು ಸುರಪುರ, ಶಹಾಪುರದ ಹೊಲಗಳಿಗೆ ಮುಟ್ಟಿಸಿದ ಹಾಗೆ. ಈ ಲೆಕ್ಕದಲ್ಲಿ ಗ್ರಂಥಿಗಳನ್ನು ತೆಗೆದುಬಿಟ್ಟರೆ ಮಿದುಳಿನಲ್ಲಿ ಸ್ಟೆರಾಯ್ಡ್ ಒಣಗಿಹೋಗಬೇಕು.

1981ರಲ್ಲಿ ಫ್ರಾನ್ಸಿನ ಎಟಿಯೆನ್ ಎಮಿಲ್ ಬೊಲ್ಯೂ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಅಡ್ರಿನಲ್ ಗ್ರಂಥಿಯನ್ನೂ ವೃಷಣವನ್ನೂ ತೆಗೆದು ಹಾಕಿ ಹಲವು ದಿನಗಳಾದ ಮೇಲೆಯೂ ಡಿಎಚ್‌ಇಎ ಸಲ್ಫೇಟ್ ಎಂಬ ಸ್ಟೆರಾಯ್ಡ್ ಮಿದುಳಿನಲ್ಲಿ ಹಾಗೆಯೇ ಉಳಿದಿತ್ತು. ಅದರ ಪ್ರಮಾಣ ರಕ್ತದಲ್ಲಿದ್ದುದಕ್ಕಿಂತಲೂ ಹೆಚ್ಚಿತ್ತು. ಕಾಲುವೆ ನಿಂತಿದೆ, ಹೊಲ ಹಸಿಯಾಗಿದೆ ಎಂದ ಮೇಲೆ ಹೊಲದಲ್ಲೇ ಬಾವಿ ಇದೆ ಎಂದಾಯಿತು. ಬೊಲ್ಯೂ ಈ ಸ್ಟೆರಾಯ್ಡ್‌ಗಳಿಗೆ ನ್ಯೂರೋಸ್ಟೆರಾಯ್ಡ್ ಎಂದು ಹೆಸರಿಟ್ಟರು. ನರಸ್ಟೆರಾಯ್ಡ್ ಎಂದು ಕನ್ನಡಿಸಬಹುದು.

ಬಾವಿಯೊಳಗಿನ ಕೆಲಸ ಹಂತಹಂತವಾಗಿ ನಡೆಯುತ್ತದೆ. ಕೊಲೆಸ್ಟರಾಲ್ ಮೊದಲು ಜೀವಕೋಶದ ಮೈಟೋಕಾಂಡ್ರಿಯದೊಳಗೆ ಹೋಗಬೇಕು. ಅಲ್ಲಿ ಕಿಣ್ವವೊಂದು ಅದನ್ನು ಕತ್ತರಿಸಿ ಪ್ರೆಗ್ನೆನೊಲೋನ್ ಮಾಡುತ್ತದೆ. ಇನ್ನೊಂದು ಕಿಣ್ವ ಅದನ್ನು ಪ್ರೊಜೆಸ್ಟೆರಾನ್ ಮಾಡುತ್ತದೆ. 5-ಆಲ್ಫಾ ರಿಡಕ್ಟೇಸ್ ಮತ್ತು ಅದರ ಮುಂದಿನ ಕಿಣ್ವ ಸೇರಿ ಪ್ರೊಜೆಸ್ಟೆರಾನನ್ನು ಅಲೋಪ್ರೆಗ್ನೆನೊಲೋನ್ ಆಗಿ ಮಾರ್ಪಡಿಸುತ್ತವೆ. ಅತ್ತ ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟೆರಾನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಒಂದೊಂದು ಕಿಣ್ವವೂ ಒಂದೊಂದು ತೂಬು. ಯಾವ ತೂಬು ಎಷ್ಟು ತೆರೆದಿದೆ ಎಂಬುದರ ಮೇಲೆ ಯಾವ ಸ್ಟೆರಾಯ್ಡ್ ಎಷ್ಟು ಹುಟ್ಟುತ್ತದೆ ಎಂಬುದು ನಿಂತಿದೆ.

ಹಾಗಿದ್ದರೆ ತೂಬು ಎತ್ತುವವರು, ಇಳಿಸುವವರು ಯಾರು? ಎರಡೂ ಸುದ್ದಿಗಳ ಬೇರು ಈ ಪ್ರಶ್ನೆಯಲ್ಲಿದೆ.

ಕಪ್ಪೆಯ ಮಿದುಳಿನ ಒಂದು ಚೂರು

ಇದಕ್ಕೆ ತೀರಾ ಸ್ಪಷ್ಟವಾದ ಉತ್ತರ ಬಂದದ್ದು ಕಪ್ಪೆಯಿಂದ. ಫ್ರಾನ್ಸಿನ ರುವಾನ್ ನಗರದಲ್ಲಿ ಉಬೇರ್ ವೊದ್ರಿ ಅವರ ತಂಡ ವರ್ಷಗಟ್ಟಲೆ ನಡೆಸಿದ ಪ್ರಯೋಗದ ಬಗೆ ಹೀಗಿತ್ತು. ಹಸಿವು, ಬಾಯಾರಿಕೆಗಳನ್ನು ನೋಡಿಕೊಳ್ಳುವ ಮಿದುಳಿನ ಭಾಗ ಹೈಪೊಥಲಾಮಸ್. ಕಪ್ಪೆಯ ಈ ಭಾಗದ ಪುಟ್ಟ ಚೂರುಗಳನ್ನು ಪೋಷಕ ದ್ರವದಲ್ಲಿ ಜೀವಂತವಾಗಿ ಇಡುವುದು. ವಿಕಿರಣದ ಗುರುತು ಹಚ್ಚಿದ ಪ್ರೆಗ್ನೆನೊಲೋನನ್ನು ಅದಕ್ಕೆ ಉಣಿಸುವುದು. ನಂತರ ಅದು ಯಾವ ಯಾವ ಸ್ಟೆರಾಯ್ಡ್ ಆಗಿ, ಎಷ್ಟೆಷ್ಟು ಮಾರ್ಪಟ್ಟಿದೆ ಎಂದು ಬೇರ್ಪಡಿಸಿ ಅಳೆಯುವುದು. ಅದೇ ದ್ರವಕ್ಕೆ ಒಂದು ನರರಾಸಾಯನಿಕವನ್ನು ಸೇರಿಸಿ ಮತ್ತೆ ಅಳೆದರೆ ಆ ರಾಸಾಯನಿಕ ತೂಬು ಎತ್ತುತ್ತದೋ ಇಳಿಸುತ್ತದೋ ತಿಳಿಯುತ್ತದೆ.

ಗಾಬಾ ಸೇರಿಸಿದಾಗ ತಯಾರಿಕೆ ಇಳಿಯಿತು. ಮಿದುಳಿನ ಪೋಷಕ ಕೋಶಗಳಾದ ಗ್ಲಿಯಾಗಳು ಎಂಡೋಜೆಪಿನ್ ಎಂಬ ಪ್ರೋಟೀನು ತುಣುಕುಗಳನ್ನು ಸ್ರವಿಸುತ್ತವೆ. ಡಯಾಜೆಪಾಮ್ ಎಂಬ ನಿದ್ದೆಗುಳಿಗೆ ಕೂರುವ ಜಾಗದಲ್ಲೇ ಇವು ಕೂತು ಅದಕ್ಕೆ ವಿರುದ್ಧವಾದ ಕೆಲಸ ಮಾಡುತ್ತವೆ. ಅವುಗಳನ್ನು ಸೇರಿಸಿದಾಗ ತಯಾರಿಕೆ ಏರಿತು. ನಮ್ಮ ವ್ಯಾಸೊಪ್ರೆಸಿನ್ ಮತ್ತು ಆಕ್ಸಿಟೋಸಿನ್‌ಗಳಿಗೆ ಕಪ್ಪೆಯಲ್ಲಿ ದಾಯಾದಿಗಳಿವೆ, ವ್ಯಾಸೊಟೋಸಿನ್ ಮತ್ತು ಮೆಸೊಟೋಸಿನ್. ಅವೂ ತೂಬು ಎತ್ತಿದವು. ಹಸಿವಿಗೆ ಸಂಬಂಧಿಸಿದ ನ್ಯೂರೋಪೆಪ್ಟೈಡ್ ವೈ ಕೆಲವು ಸ್ಟೆರಾಯ್ಡ್‌ಗಳ ತಯಾರಿಕೆಯನ್ನು ಇಳಿಸಿತು. ಹೀಗೆ ಹಸಿವು, ಬಾಯಾರಿಕೆ, ಸಂತಾನ, ಭಯ ಇವುಗಳ ಸುದ್ದಿ ಹೊತ್ತ ಸಂಕೇತಗಳೆಲ್ಲ ಒಂದೇ ಬಾವಿಯ ಕಟ್ಟೆಗೆ ಬಂದು ಸೇರುತ್ತವೆ.

ಇಲ್ಲೊಂದು ಸುತ್ತು ಇದೆ. ಗಾಬಾ ತಯಾರಿಕೆಯನ್ನು ಇಳಿಸುತ್ತದೆ. ಅಲೋಪ್ರೆಗ್ನೆನೊಲೋನ್ ಅದೇ ಗಾಬಾದ ಕೈ ಬಲಪಡಿಸುತ್ತದೆ. ಹಾಗಾಗಿ ಸ್ಟೆರಾಯ್ಡ್ ಹೆಚ್ಚಾದಂತೆ ಅದು ತನ್ನ ತಯಾರಿಕೆಗೆ ತಾನೇ ತಡೆ ಒಡ್ಡಬಲ್ಲದು. ಹೊರಗಿನಿಂದ ಗುಳಿಗೆಯ ರೂಪದಲ್ಲಿ ಸ್ಟೆರಾಯ್ಡ್ ಸುರಿಯುವಾಗ ಈ ಸುತ್ತನ್ನು ಮರೆಯಬಾರದು.

ಋತು, ಹಗಲು, ನಿಮಿಷ

ಕಪ್ಪೆ ಕಲಿಸಿದ್ದನ್ನು ಹಕ್ಕಿಗಳು ಕಾಲದ ಲೆಕ್ಕಕ್ಕೆ ಹೊಂದಿಸಿ ತೋರಿಸಿದವು. ಬೋನಾಳ ಕೆರೆಯ ಹಕ್ಕಿಗಳನ್ನು ಗಮನಿಸಿದವರಿಗೆ ಗೂಡು ಕಟ್ಟುವ ಕಾಲವೂ ಇತರ ಕಾಲವೂ ಬೇರೆಬೇರೆ ಎಂಬುದು ಗೊತ್ತು. ಮರಿ ಮಾಡದ ಕಾಲದಲ್ಲಿ ಗಂಡುಹಕ್ಕಿಯ ವೃಷಣ ಕುಗ್ಗಿಹೋಗುತ್ತದೆ. ಉತ್ತರ ಅಮೆರಿಕದ ಹಾಡುಗುಬ್ಬಿ ಈ ಕಾಲದಲ್ಲೂ ತನ್ನ ಗಡಿಗಾಗಿ ಜಗಳಕ್ಕೆ ನಿಲ್ಲುತ್ತದೆ, ರಕ್ತದಲ್ಲಿ ಟೆಸ್ಟೋಸ್ಟೆರಾನ್ ಇಲ್ಲವೆನ್ನುವಷ್ಟು ಕಡಿಮೆ ಇದ್ದರೂ. ರಕ್ತದಲ್ಲಿ ಹರಿಯುವ ಡಿಎಚ್‌ಇಎ ಎಂಬ ಸಾಧು ಕಚ್ಚಾವಸ್ತುವನ್ನು ಅದರ ಮಿದುಳೇ ಸಕ್ರಿಯ ಹಾರ್ಮೋನಾಗಿ ಬದಲಿಸಿಕೊಳ್ಳಬಲ್ಲದು ಎಂದು ಸಂಶೋಧಕರು ತೋರಿಸಿದರು. ಅರೋಮಟೇಸ್ ಕಿಣ್ವವನ್ನು ಔಷಧದಿಂದ ತಡೆದಾಗ ಹಕ್ಕಿಯ ಜಗಳವೂ ತಗ್ಗಿತು. ಈ ಏರ್ಪಾಟಿನಿಂದ ಹಕ್ಕಿಗೆ ಲಾಭವಿದೆ. ವರ್ಷವಿಡೀ ಮೈತುಂಬ ಟೆಸ್ಟೋಸ್ಟೆರಾನ್ ಇಟ್ಟುಕೊಂಡರೆ ದೇಹಕ್ಕೆ ಹೊರೆ. ಬೇಕಾದ ಜಾಗದಲ್ಲಿ ಮಾತ್ರ ತಯಾರಿಸಿಕೊಂಡರೆ ಹೊರೆ ತಪ್ಪುತ್ತದೆ, ಕೆಲಸವೂ ಆಗುತ್ತದೆ.

ಮಾಂಸಕ್ಕೂ ಮೊಟ್ಟೆಗೂ ಸಾಕುವ ಜಪಾನಿ ಲಾವಕ್ಕಿಯಲ್ಲಿ ಹಗಲುರಾತ್ರಿಯ ತೂಬು ಕಂಡಿತು. ಕಝುಯೋಶಿ ತ್ಸುತ್ಸುಯಿ ಅವರ ತಂಡದ ಪ್ರಕಾರ ಗಂಡು ಲಾವಕ್ಕಿಯ ಮಿದುಳಿನಲ್ಲಿ ಓಡಾಟವನ್ನು ಹೆಚ್ಚಿಸುವ ಒಂದು ಸ್ಟೆರಾಯ್ಡ್ ಹಗಲಿನಲ್ಲಿ ಏರಿ ರಾತ್ರಿ ಇಳಿಯುತ್ತದೆ. ಇಳಿಸುವುದು ಕತ್ತಲೆಯ ಹಾರ್ಮೋನಾದ ಮೆಲಟೋನಿನ್.

ಅತ್ಯಂತ ವೇಗದ ತೂಬು ಅರೋಮಟೇಸ್‌ನದು. ಹಾರ್ಮೋನುಗಳು ನಿಧಾನಸ್ಥರು, ವಂಶವಾಹಿಯನ್ನು ಎಬ್ಬಿಸಿ ದಿನಗಟ್ಟಲೆ ಕೆಲಸ ಮಾಡುತ್ತವೆ ಎಂಬ ನಂಬಿಕೆ ಇತ್ತು. ಬೆಲ್ಜಿಯಂನ ಜಾಕ್ ಬಾಲ್ತಜಾರ್ ಮತ್ತು ಸಹೋದ್ಯೋಗಿಗಳು ಲಾವಕ್ಕಿಯಲ್ಲಿ ಬೇರೆಯದನ್ನೇ ಕಂಡರು. ನರಕೋಶ ಉದ್ರೇಕಗೊಂಡು ಕ್ಯಾಲ್ಸಿಯಂ ಒಳನುಗ್ಗಿದರೆ, ಈಗಾಗಲೇ ತಯಾರಾಗಿರುವ ಕಿಣ್ವಕ್ಕೆ ಫಾಸ್ಫೇಟ್ ಅಂಟಿಕೊಂಡು ಕೆಲವೇ ನಿಮಿಷಗಳಲ್ಲಿ ಅದರ ಕೆಲಸ ಕುಂಠಿತವಾಗುತ್ತದೆ. ಜೀಬ್ರಾ ಫಿಂಚ್ ಹಕ್ಕಿಯ ಗಂಡು ಹೆಣ್ಣಿನ ಒಡನಾಟದಲ್ಲಿದ್ದಾಗ, ಶಬ್ದ ಗ್ರಹಿಸುವ ಮಿದುಳಿನ ಭಾಗದಲ್ಲಿ ಈಸ್ಟ್ರೋಜನ್ ಅರ್ಧ ಗಂಟೆಯೊಳಗೆ ಏರಿದ್ದು 2008ರಲ್ಲಿ ದಾಖಲಾಯಿತು. ಇಷ್ಟು ಚುರುಕಾಗಿ ಏರಿಳಿಯುವ ಸ್ಟೆರಾಯ್ಡನ್ನು ಹಾರ್ಮೋನು ಎನ್ನುವುದಕ್ಕಿಂತ ನರಸಂದೇಶ ಎಂದೇ ಕರೆಯಬೇಕು ಎನ್ನುವವರಿದ್ದಾರೆ. ಆ ವಾದದಲ್ಲಿ ಹುರುಳಿದೆ.

ಮೀನು, ಕಪ್ಪೆ, ಹಕ್ಕಿ, ಇಲಿ, ಮನುಷ್ಯ ಎಲ್ಲರಲ್ಲೂ ಈ ಏರ್ಪಾಟು ಇದೆ ಎಂದರೆ ಬೆನ್ನೆಲುಬಿನ ಪ್ರಾಣಿಗಳಿಗೆ ಇದು ಬಹಳ ಹಳೆಯ ಆಸ್ತಿ. ಜಾನುವಾರು, ಕೋಳಿ, ಮೀನು ಮೂರನ್ನೂ ಒಂದೇ ಸೂರಿನಡಿ ಓದಿಸುವ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ. ಈ ವಿಷಯ ಅಲ್ಲಿನ ವಿದ್ಯಾರ್ಥಿಗಳಿಗೆ ಪರದೇಶದ ಕತೆಯಾಗಬೇಕಿಲ್ಲ.

ಹೆರಿಗೆಯಾದ ಐದನೆಯ ದಿನ

ಈಗ ಬಾಣಂತಿಯ ಕೋಣೆಗೆ ಬರೋಣ. ಬಸುರಿನಲ್ಲಿ ಮಾಸು ಪ್ರೊಜೆಸ್ಟೆರಾನನ್ನು ಹೊಳೆಯಂತೆ ಹರಿಸುತ್ತದೆ. ಅದರ ಜೊತೆಗೆ ಅಲೋಪ್ರೆಗ್ನೆನೊಲೋನ್ ಕೂಡ ತಿಂಗಳು ತಿಂಗಳಿಗೆ ಏರಿ ಕೊನೆಯ ತಿಂಗಳುಗಳಲ್ಲಿ ಶಿಖರಕ್ಕೆ ಮುಟ್ಟುತ್ತದೆ. ಹೆರಿಗೆಯಾಗಿ ಮಾಸು ಬಿದ್ದ ಕೂಡಲೇ ಆ ಹೊಳೆ ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ಮಟ್ಟ ಪಾತಾಳಕ್ಕೆ ಇಳಿಯುತ್ತದೆ. ಅಷ್ಟು ತಿಂಗಳು ತುಂಬಿದ ಕಾಲುವೆಗೆ ಹೊಂದಿಕೊಂಡಿದ್ದ ಮಿದುಳು ಈಗ ತನ್ನ ಗಾಬಾ ಗ್ರಾಹಿಗಳನ್ನು ಹೊಸ ಬರಗಾಲಕ್ಕೆ ತಕ್ಕಂತೆ ಮತ್ತೆ ಜೋಡಿಸಿಕೊಳ್ಳಬೇಕು.

ನಮ್ಮ ಕಡೆ ಐದನೆಯ ದಿನ ಸಟವಿ ಪೂಜೆ. ಸಟವಿ ಬಂದು ಮಗುವಿನ ಹಣೆಬರಹ ಬರೆಯುವ ದಿನವದು. ಬಾಣಂತಿಯ ಕಣ್ಣೀರು ಹೆಚ್ಚಾಗುವುದೂ ಸರಿಸುಮಾರು ನಾಲ್ಕನೆಯ, ಐದನೆಯ ದಿನವೇ. ಕಾರಣವಿಲ್ಲದೆ ಅಳು, ಸಿಟ್ಟು, ನಿದ್ದೆಗೇಡು ಬಹಳಷ್ಟು ತಾಯಂದಿರಿಗೆ ಆಗುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಹೋಗುವುದಿಲ್ಲ. ಮಗುವಿನ ಮೇಲೆ ಮನಸ್ಸು ಬಾರದೆ, ಬದುಕೇ ಬೇಡವೆನ್ನಿಸಿ ವಾರಗಟ್ಟಲೆ ಉಳಿದರೆ ಅದು ಖಿನ್ನತೆ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ನೂರಕ್ಕೆ 22 ತಾಯಂದಿರಲ್ಲಿ ಇದು ಕಾಣುತ್ತದೆ ಎಂದು ಅಂದಾಜಿಸಿತು.

ಒಂದು ವ್ಯತ್ಯಾಸವನ್ನು ಮಾತ್ರ ಎಲ್ಲರೂ ತಿಳಿದಿರಬೇಕು. ಜನ ಬಾಣಂತಿ ಸನ್ನಿ ಎನ್ನುವುದು ಬೇರೆ ಕಾಯಿಲೆ. ಸಾವಿರಕ್ಕೆ ಒಬ್ಬಿಬ್ಬರಲ್ಲಿ ಬರುವ ಅದರಲ್ಲಿ ಭ್ರಮೆ, ಅಸಂಬದ್ಧ ಮಾತು, ಇಲ್ಲದ ದನಿ ಕೇಳಿಸುವುದು ಇರುತ್ತದೆ. ತಾಯಿಗೂ ಮಗುವಿಗೂ ಅಪಾಯ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ತುರ್ತು ಅದು. ಜುರಾನೊಲೋನ್ ಅದಕ್ಕೆ ಮದ್ದಲ್ಲ.

ಜುರಾನೊಲೋನ್‌ಗಿಂತ ಮೊದಲು, 2019ರಲ್ಲಿ, ಬ್ರೆಕ್ಸಾನೊಲೋನ್ ಎಂಬ ಹೆಸರಿನಲ್ಲಿ ಅಲೋಪ್ರೆಗ್ನೆನೊಲೋನನ್ನೇ 60 ಗಂಟೆ ರಕ್ತನಾಳದ ಮೂಲಕ ಹನಿಸುವ ಚಿಕಿತ್ಸೆ ಅಮೆರಿಕದಲ್ಲಿ ಬಂದಿತ್ತು. ಗುಳಿಗೆ ಬಂದ ಮೇಲೆ ಅದು ಹಿಂದೆ ಸರಿಯಿತು.

ಕೂದಲಿನ ಗುಳಿಗೆ ಮುಚ್ಚುವ ತೂಬು

ಫಿನಾಸ್ಟರೈಡ್ 5-ಆಲ್ಫಾ ರಿಡಕ್ಟೇಸ್ ಕಿಣ್ವವನ್ನು ತಡೆಯುತ್ತದೆ. ಟೆಸ್ಟೋಸ್ಟೆರಾನನ್ನು ಕೂದಲ ಬುಡಕ್ಕೆ ಮಾರಕವಾದ ರೂಪಕ್ಕೆ ತಿರುಗಿಸುವ ಕಿಣ್ವ ಅದೇ. ಆದ್ದರಿಂದ ಕೂದಲು ಉಳಿಯುತ್ತದೆ. ಮೇಲೆ ಹೇಳಿದ ಹಂತಗಳನ್ನು ನೆನಪಿಸಿಕೊಳ್ಳಿ: ಪ್ರೊಜೆಸ್ಟೆರಾನ್‌ನಿಂದ ಅಲೋಪ್ರೆಗ್ನೆನೊಲೋನ್ ಆಗುವ ದಾರಿಯಲ್ಲೂ ಇದೇ ಕಿಣ್ವ ನಿಂತಿದೆ. ತಲೆಗೂದಲಿಗೆಂದು ಮುಚ್ಚಿದ ತೂಬು ತಲೆಯೊಳಗೂ ನೀರು ನಿಲ್ಲಿಸಬಹುದು ಎಂಬ ಶಂಕೆ ಹುಟ್ಟಿದ್ದು ಹೀಗೆ.

ಶಂಕೆಯೇ ಪುರಾವೆಯಾಗುವುದಿಲ್ಲ. ಈ ಕಿಣ್ವದಲ್ಲಿ ಬಗೆಗಳಿವೆ. ಫಿನಾಸ್ಟರೈಡ್ ಮನುಷ್ಯರಲ್ಲಿ ಮುಖ್ಯವಾಗಿ ತಡೆಯುವುದು ಎರಡನೆಯ ಬಗೆಯನ್ನು, ಮಿದುಳಿನಲ್ಲಿ ಹೆಚ್ಚಾಗಿರುವುದು ಮೊದಲನೆಯದು ಎಂಬ ಪ್ರತಿವಾದವಿದೆ. ಯುರೋಪಿನ ಸಂಸ್ಥೆ ಪರಿಶೀಲಿಸಿದ ಪ್ರಕರಣಗಳು ಮುನ್ನೂರಕ್ಕೂ ಸ್ವಲ್ಪ ಹೆಚ್ಚು. ಅದರ ಎದುರಿಗೆ ಗುಳಿಗೆಯ ಒಟ್ಟು ಬಳಕೆ ಸುಮಾರು 27 ಕೋಟಿ ರೋಗಿವರ್ಷಗಳಷ್ಟು (ಒಬ್ಬರು ಒಂದು ವರ್ಷ ನುಂಗಿದರೆ ಒಂದು ರೋಗಿವರ್ಷ). ಅಪಾಯ ಎಷ್ಟು ಸಲ ಎದುರಾಗುತ್ತದೆ ಎಂದು ಸಂಸ್ಥೆ ಅಂಕಿಯಲ್ಲಿ ಹೇಳಲಿಲ್ಲ, ಗುಳಿಗೆಯನ್ನು ನಿಷೇಧಿಸಲೂ ಇಲ್ಲ. ಮನಸ್ಸು ಕುಗ್ಗಿದರೆ ಗುಳಿಗೆ ನಿಲ್ಲಿಸಿ ವೈದ್ಯರನ್ನು ಕಾಣಿ ಎಂದಿತು. ಚೀಟಿಯಿಲ್ಲದೆ, ಗೆಳೆಯರ ಮಾತು ಕೇಳಿ ಇದನ್ನು ನುಂಗುವ ತರುಣರಿಗೆ ಆ ಮಾತು ಹೇಳುವವರೇ ಇರುವುದಿಲ್ಲ. ನನಗೆ ಹೆಚ್ಚು ಕಳವಳ ತರುವುದು ಇದೇ.

ತಜ್ಞರು ಒಪ್ಪದಿರುವುದು ಎಲ್ಲಿ

ಮೊದಲ ಭಿನ್ನಮತ ಬಾವಿಯ ಬಗ್ಗೆಯೇ. ಮನುಷ್ಯನ ಮಿದುಳು ಕೊಲೆಸ್ಟರಾಲ್‌ನಿಂದಲೇ ಎಲ್ಲವನ್ನೂ ತಯಾರಿಸುತ್ತದೆಯೇ, ಇಲ್ಲವೇ ರಕ್ತದಿಂದ ಬರುವ ಅರೆಸಿದ್ಧ ವಸ್ತುವನ್ನು ತಿದ್ದಿಕೊಳ್ಳುತ್ತದೆಯೇ? ಇಲಿಯಲ್ಲಿ ಮೊದಲ ಹಂತ ನಡೆಸುವ ಕಿಣ್ವ ಮನುಷ್ಯನ ಗ್ಲಿಯಾ ಕೋಶಗಳಲ್ಲಿ ಕಾಣದಷ್ಟು ಕಡಿಮೆ, ಅಲ್ಲಿ ಬೇರೊಂದು ಕಿಣ್ವ ಆ ಕೆಲಸ ಮಾಡುತ್ತಿರಬಹುದು ಎಂದು 2022ರ ಒಂದು ಸಂಶೋಧನೆ ಹೇಳಿದೆ. ಕೊಲೆಸ್ಟರಾಲನ್ನು ಒಳಗೆ ದಾಟಿಸಲು ಅನಿವಾರ್ಯ ಎಂದು ದಶಕಗಳ ಕಾಲ ನಂಬಿದ್ದ ಟಿಎಸ್‌ಪಿಒ ಪ್ರೋಟೀನನ್ನು ವಂಶವಾಹಿಯಲ್ಲೇ ತೆಗೆದುಹಾಕಿದ ಇಲಿಗಳು 2014ರಲ್ಲಿ ಆರೋಗ್ಯವಾಗಿಯೇ ಬದುಕಿದವು. ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಅನ್ವಯಿಸುವಾಗ ಈ ಎರಡೂ ಸಂಗತಿಗಳನ್ನು ಮುಂದಿಟ್ಟುಕೊಳ್ಳಬೇಕು.

ಎರಡನೆಯದು ಬಾಣಂತಿಯ ಬಗ್ಗೆ, ಹೆಚ್ಚು ಮುಖ್ಯವಾದದ್ದು. ಸ್ಟೆರಾಯ್ಡ್ ಮಟ್ಟ ಎಲ್ಲ ತಾಯಂದಿರಲ್ಲೂ ಇಳಿಯುತ್ತದೆ, ಖಿನ್ನತೆ ಎಲ್ಲರಿಗೂ ಬರುವುದಿಲ್ಲ. 2000ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹದಿನಾರು ಮಹಿಳೆಯರಿಗೆ ಬಸುರಿನಲ್ಲಿರುವಷ್ಟು ಹಾರ್ಮೋನು ಕೊಟ್ಟು ಥಟ್ಟನೆ ನಿಲ್ಲಿಸಲಾಯಿತು. ಹಿಂದೆ ಬಾಣಂತನದಲ್ಲಿ ಖಿನ್ನತೆ ಅನುಭವಿಸಿದ್ದ ಎಂಟು ಮಂದಿಯಲ್ಲಿ ಐವರ ಮನಸ್ಸು ಕುಸಿಯಿತು. ಅಂಥ ಇತಿಹಾಸವಿಲ್ಲದ ಎಂಟು ಮಂದಿಯಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಹಾರ್ಮೋನಿನ ಇಳಿತ ಎರಡೂ ಗುಂಪಿಗೆ ಒಂದೇ. ಭೇದ ಇರುವುದು ಆ ಇಳಿತಕ್ಕೆ ಮಿದುಳು ಹೊಂದಿಕೊಳ್ಳುವ ರೀತಿಯಲ್ಲಿ. ಆದ್ದರಿಂದ ರಕ್ತ ಪರೀಕ್ಷೆ ಮಾಡಿಸಿ ಹಾರ್ಮೋನು ಕಡಿಮೆ ಇದೆ ಎಂದು ಖಿನ್ನತೆಯನ್ನು ಪತ್ತೆಹಚ್ಚುವ ದಾರಿ ಇಲ್ಲ. ಗಾಬಾ ಗ್ರಾಹಿಯ ಒಂದು ಭಾಗವನ್ನು ಕಳೆದುಕೊಂಡ ಇಲಿಗಳು ಹೆತ್ತ ಮೇಲೆ ಮರಿಗಳನ್ನು ಕಡೆಗಣಿಸಿದ್ದು 2008ರಲ್ಲಿ ಕಂಡುಬಂದಿತ್ತು. ಅದೂ ಈ ವಾದಕ್ಕೇ ಬಲ ಕೊಡುತ್ತದೆ.

ಮೂರನೆಯದು ಗುಳಿಗೆ ಎಷ್ಟು ಕೆಲಸ ಮಾಡುತ್ತದೆ ಎಂಬುದು. ಮುಖ್ಯ ಪರೀಕ್ಷೆಯಲ್ಲಿ ಹದಿನೈದನೆಯ ದಿನಕ್ಕೆ ಜುರಾನೊಲೋನ್ ಪಡೆದವರ ಖಿನ್ನತೆಯ ಅಂಕ ಸರಾಸರಿ 15.6ರಷ್ಟು ಇಳಿದರೆ ಔಷಧವಿಲ್ಲದ ಹುಸಿಗುಳಿಗೆ ಪಡೆದವರದು 11.6ರಷ್ಟು ಇಳಿಯಿತು. ಮೂರನೆಯ ದಿನದಿಂದಲೇ ವ್ಯತ್ಯಾಸ ಕಂಡದ್ದು ದೊಡ್ಡ ಸಂಗತಿ, ಏಕೆಂದರೆ ಹಳೆಯ ಖಿನ್ನತೆಯ ಗುಳಿಗೆಗಳು ವಾರಗಟ್ಟಲೆ ಕಾಯಿಸುತ್ತವೆ. ಆದರೆ ಹುಸಿಗುಳಿಗೆಯವರ ಆ 11.6ರ ಮೇಲೂ ಕಣ್ಣು ನಿಲ್ಲಬೇಕು. ಕಾಲ ಕಳೆದದ್ದು, ಯಾರೋ ದಿನವೂ ವಿಚಾರಿಸಿದ್ದು, ಚಿಕಿತ್ಸೆ ಸಿಗುತ್ತಿದೆ ಎಂಬ ಭರವಸೆ ಎಲ್ಲವೂ ಅದರಲ್ಲಿ ಸೇರಿವೆ. ಗುಳಿಗೆ ಮಂಪರು ತರುತ್ತದೆ, ನುಂಗಿ ಹನ್ನೆರಡು ಗಂಟೆ ವಾಹನ ಓಡಿಸಬಾರದು. ಪರೀಕ್ಷೆ ತಾಯಂದಿರನ್ನು ಹಿಂಬಾಲಿಸಿದ್ದು 45 ದಿನಗಳವರೆಗೆ ಮಾತ್ರ. ಸಾಮಾನ್ಯ ಖಿನ್ನತೆಗೆ ಇದನ್ನು ಕೊಡಲು ಅಮೆರಿಕದ ಔಷಧ ಸಂಸ್ಥೆ ಒಪ್ಪಲಿಲ್ಲ.

ಕಲ್ಯಾಣ ಕರ್ನಾಟಕದ ಬಾಣಂತಿಗೆ

ಅಮೆರಿಕದಲ್ಲಿ ಹದಿನಾಲ್ಕು ದಿನದ ಈ ಚಿಕಿತ್ಸೆಗೆ ನಿಗದಿಯಾದ ಬೆಲೆ 15,900 ಡಾಲರ್, ಹದಿಮೂರು ಲಕ್ಷ ರೂಪಾಯಿಗೂ ಮೇಲೆ. ಆಳಂದದ ತೊಗರಿ ಹೊಲದ ಕೂಲಿಗೆ ಅದು ಲೆಕ್ಕಕ್ಕೇ ಸಿಗದ ಮೊತ್ತ. ಹಾಗೆಂದು ಈ ವಿಜ್ಞಾನ ನಮಗೆ ನಿರುಪಯೋಗಿಯಲ್ಲ. ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಫ್ಲೂಕ್ಸೆಟಿನ್ ಎಂಬ ಖಿನ್ನತೆಯ ಅಗ್ಗದ ಗುಳಿಗೆಯ ಮೇಲೂ ಇದು ಬೆಳಕು ಚೆಲ್ಲುತ್ತದೆ. ಆ ಗುಂಪಿನ ಔಷಧಗಳು ಖಿನ್ನರಾದವರ ಮಿದುಳುದ್ರವದಲ್ಲಿ ಅಲೋಪ್ರೆಗ್ನೆನೊಲೋನನ್ನು ಏರಿಸುತ್ತವೆ ಎಂದು 1998ರಲ್ಲೇ ತೋರಿಸಲಾಗಿತ್ತು. ಒಂಟಿಯಾಗಿ ಕೂಡಿಟ್ಟ ಇಲಿಗಳಲ್ಲಿ ಇಳಿದಿದ್ದ ಮಟ್ಟವನ್ನೂ ಅವು ಮೇಲೆತ್ತಿದವು. ಮೊಲೆಯೂಡಿಸುವ ತಾಯಿಗೆ ಯಾವ ಔಷಧ ಸೂಕ್ತ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಬಾಣಂತಿ ಮಂಕಾಗಿ ಕೂತರೆ ಗಾಳಿ ಸೋಕಿದೆ, ಹೆಣ್ಣು ಹುಟ್ಟಿದ್ದಕ್ಕೆ ಮುನಿಸು, ಮೈಗಳ್ಳತನ ಎನ್ನುವ ಮಾತುಗಳು ಮೊದಲು ಬರುತ್ತವೆ. ಹಾಗೆ ಹೇಳುವ ಅತ್ತೆಗೆ, ಗಂಡನಿಗೆ ಅವಳ ಮಿದುಳಿನಲ್ಲಿ ಒಂದು ಕಾಲುವೆ ನಿಂತಿದೆ, ಬಾವಿ ಇನ್ನೂ ತುಂಬಿಲ್ಲ ಎಂದು ವಿವರಿಸಬಹುದು. ಇದು ಅವಳ ಗುಣದ ದೋಷವಲ್ಲ. ಬಡತನ, ಹೊಡೆತ, ನಿದ್ದೆಗೇಡು, ಮಗುವಿನ ಕಾಯಿಲೆ ಇವೂ ಕಾರಣಗಳೇ. ರಸಾಯನದ ಮಾತು ಆಡುವಾಗ ಅವುಗಳನ್ನು ಮರೆಮಾಚಿದರೆ ಇನ್ನೊಂದು ಅನ್ಯಾಯವಾಗುತ್ತದೆ.

ಪತ್ತೆಹಚ್ಚಲು ಯಂತ್ರ ಬೇಡ. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡ ಎಡಿನ್‌ಬರೊ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ, ಅದು ಕನ್ನಡಕ್ಕೂ ಬಂದಿದೆ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತೇ ಎಂಬುದು. ಉತ್ತರ ಹೌದು ಎಂದಾದರೆ ತಾಯಿಯನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮಾತನಾಡಲು ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ, ಕನ್ನಡದಲ್ಲೂ ಸಿಗುತ್ತದೆ. ಫಿನಾಸ್ಟರೈಡ್ ನುಂಗಿ ಮಂಕಾದ ತರುಣರಿಗೂ ಅದೇ ಸಂಖ್ಯೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ ಮತ್ತು ನಲವತ್ತೆರಡನೆಯ ದಿನ ಭೇಟಿ ಕೊಡಬೇಕೆಂಬ ನಿಯಮ ಈಗಾಗಲೇ ಇದೆ. ಮೊದಲೆರಡು ಭೇಟಿಗಳು ಬೀಳುವುದು ಸ್ಟೆರಾಯ್ಡ್ ಮಟ್ಟ ಕುಸಿಯುವ ದಿನಗಳಲ್ಲಿ. ಆಗಿನ ಅಳುವನ್ನು ಗುರುತು ಹಾಕಿಕೊಂಡರೆ ಸಾಕು. ಇಪ್ಪತ್ತೊಂದನೆಯ ದಿನವೂ ಅದು ನಿಂತಿಲ್ಲವೆಂದರೆ ಹತ್ತು ಪ್ರಶ್ನೆ ಕೇಳುವ ಸಮಯ ಬಂದಿದೆ. ಆಕೆಯ ಚೀಲದಲ್ಲಿ ಮಗುವಿನ ತೂಕ ನೋಡುವ ತಕ್ಕಡಿ ಇದೆ, ಜ್ವರ ನೋಡುವ ಥರ್ಮಾಮೀಟರ್ ಇದೆ. ಅದೇ ಚೀಲದಲ್ಲಿ ತಾಯಿಗಾಗಿ ಆ ಹತ್ತು ಪ್ರಶ್ನೆಗಳ ಒಂದು ಹಾಳೆ ಇಡಲು ಜಿಲ್ಲಾಡಳಿತಗಳಿಗೆ ಹೊಸ ಯೋಜನೆಯೂ ಬೇಡ, ಹದಿಮೂರು ಲಕ್ಷವೂ ಬೇಡ.